ಹನಿಯೊಳಗೆ ಹನಿ: ತಂಗಿಗೆ ಪತ್ರ

ಚಿ. ತಂಗಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ಕ್ಷೇಮ. ಈ ಪತ್ರ ಸಮುದ್ರ ದಾಟಿ ಬರುವಷ್ಟರಲ್ಲಿ ನೀನು ಗಾಜಿನ ಕೊಳವೆ ಎಳೆಯಲು ಶುರು ಮಾಡಿರುತ್ತೀಯ. ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ: ನೀರಿನ ಹನಿಯ ಸುತ್ತ ಎಣ್ಣೆಯ ಕವಚ ಕಟ್ಟಿ, ಅದನ್ನು ಗಟ್ಟಿಯಾಗಿಸಿ ಪುಟ್ಟ ಕ್ಯಾಪ್ಸೂಲ್ ಮಾಡುವ ಬಗೆ.

2005ರಲ್ಲಿ ಹಾರ್ವರ್ಡ್‌ನ ಡೇವಿಡ್ ವೈಟ್ಸ್ ಗುಂಪು ತೋರಿಸಿದ ಗಾಜಿನ ಕೊಳವೆಯ ವಿಧಾನವನ್ನೇ ಹಿಡಿ. ಚೌಕ ಕೊಳವೆಯ ಒಳ ಅಳತೆ 1.05 ಮಿ.ಮೀ., ಎರಡು ಕಡೆಯಿಂದ ತೂರಿಸುವ ದುಂಡು ಕೊಳವೆಗಳ ಹೊರವ್ಯಾಸ 1 ಮಿ.ಮೀ. ಇದ್ದರೆ ಎರಡೂ ತಾವಾಗಿ ಒಂದೇ ನೇರಕ್ಕೆ ಕೂರುತ್ತವೆ. ಒಳದ್ರವದ ಕೊಳವೆಯ ತುದಿ ಸುಮಾರು 40 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ಎದುರಿನ ಕೊಳವೆಯ ಬಾಯಿ 150 ಇರಲಿ.

ಹೆಚ್ಚಿನವರು ಸೋಲುವುದು ಗಾಜಿನ ಮೈಯಲ್ಲಿ. ಒಳದ್ರವದ ಕೊಳವೆ ನೀರನ್ನು ದೂರವಿಡಬೇಕು. ಅದಕ್ಕೆ ಆಕ್ಟಡೆಸೈಲ್‌ಟ್ರೈಕ್ಲೋರೋಸಿಲೇನ್ ಲೇಪಿಸು. ಗಾಜು ಪೂರ್ತಿ ಒಣಗಿರಲಿ, ಕೆಲಸ ಹೊಗೆ ಹೀರುವ ಫ್ಯೂಮ್ ಹುಡ್‌ನೊಳಗೇ ನಡೆಯಲಿ: ತೇವ ತಾಗಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ. ಹನಿ ಹೊರಹೋಗುವ ಎದುರಿನ ಕೊಳವೆ ಮಾತ್ರ ನೀರಿಗೆ ಒಗ್ಗಬೇಕು. ಇಲ್ಲವಾದರೆ ಎಣ್ಣೆ ಅದರ ಗೋಡೆಗೆ ಹತ್ತಿಕೊಂಡು ಕವಚ ಹರಿಯುತ್ತದೆ. ಲೇಪನವನ್ನು ಎಪಾಕ್ಸಿ ಅಂಟು ಹಾಕಿ ಜೋಡಿಸುವ ಮೊದಲೇ ಮುಗಿಸು.

ಒಳಗೆ ನೀರು, ನಡುವೆ ಎಣ್ಣೆಯಾಗಿ 1% ಫೋಟೋಇನಿಶಿಯೇಟರ್ (ಬೆಳಕು ಬಿದ್ದಾಗ ಗಟ್ಟಿಯಾಗಿಸುವ ವಸ್ತು) ಬೆರೆಸಿದ ಟ್ರೈಅಕ್ರಿಲೇಟ್ ಮಾನೋಮರ್, ಹೊರಗೆ ಹನಿಗಳು ಒಂದಕ್ಕೊಂದು ಸೇರದಂತೆ ತಡೆಯುವ ಪಾಲಿವಿನೈಲ್ ಆಲ್ಕೋಹಾಲ್‌ನ 10% ನೀರಿನ ದ್ರಾವಣ. ಎಲ್ಲವನ್ನೂ ಸೋಸಿಯೇ ತುಂಬು. ಒಂದು ಧೂಳಿನ ಕಣ ಸಾಕು, ತುದಿ ಕಟ್ಟಿಕೊಳ್ಳುತ್ತದೆ. ಹೊರದ್ರವ ಮೊದಲು, ಆಮೇಲೆ ನಡುವಿನದು, ಕೊನೆಗೆ ಒಳಗಿನದು. ಗಂಟೆಗೆ 5000, 500, 500 ಮೈಕ್ರೋಲೀಟರ್‌ನಿಂದ ಆರಂಭಿಸು. ಹನಿ ಬೀಳುವ ಬದಲು ಉದ್ದ ಧಾರೆ ಎಳೆದರೆ ಗಾತ್ರ ಏರುಪೇರಾಗುತ್ತದೆ, ವೇಗ ಇಳಿಸು. ಸಿರಿಂಜ್ ದೊಡ್ಡದಾದರೆ ನಿಧಾನದ ಹರಿವಿನಲ್ಲಿ ಪಂಪ್ ಮಿಡಿಯುತ್ತದೆ. ಒಳದ್ರವಕ್ಕೆ 1 ಮಿ.ಲೀ. ಸಿರಿಂಜೇ ಒಳ್ಳೆಯದು.

ಕವಚದ ದಪ್ಪವನ್ನು ಲೆಕ್ಕದಿಂದಲೇ ಹೇಳಬಹುದು, ಇದು ನನಗೆ ತುಂಬ ಹಿಡಿಸುವ ಭಾಗ. ಪ್ರತಿ ಹನಿಯಲ್ಲಿ ಒಂದೇ ತಿರುಳು (ಒಳಗಿನ ನೀರಿನ ಹನಿ) ಇದ್ದು ಅದರ ತ್ರಿಜ್ಯ 50 ಮೈಕ್ರಾನ್ ಎನ್ನು. ಒಳ–ನಡು ಹರಿವು ಸಮವಾದರೆ ಕವಚ 13 ಮೈಕ್ರಾನ್. ನಡುವಿನದು ಒಳಗಿನದರ ಹತ್ತರಲ್ಲೊಂದಾದರೆ 1.6. ಆದರೆ ಮಾನೋಮರ್ ನೀರಿಗಿಂತ ಭಾರ, ತಿರುಳು ಮೇಲಕ್ಕೇರಿ ಒಂದು ಬದಿ ತೆಳುವಾಗುತ್ತದೆ. ಹಾಗಾಗಿ ಹನಿ ಕೊಳವೆಯಿಂದ ಹೊರಡುತ್ತಲೇ ನೇರಳಾತೀತ ಬೆಳಕು ಬೀಳಲಿ, ಬಟ್ಟಲಲ್ಲಿ ಸೇರಿದ ಮೇಲಲ್ಲ.

ಕೊನೆಗೆ, ಒಳಗಿನ ಮತ್ತು ಹೊರಗಿನ ದ್ರವಗಳ ಆಸ್ಮೋಲಾರಿಟಿ (ಕರಗಿದ ಕಣಗಳ ಪ್ರಮಾಣ) ಅಳೆದು ಸಕ್ಕರೆಯಿಂದ ಸರಿದೂಗಿಸು. ಹೊರಗೆ ಕಡಿಮೆಯಾದರೆ ನೀರು ಒಳನುಗ್ಗಿ ಕ್ಯಾಪ್ಸೂಲ್ ಒಡೆಯುತ್ತದೆ, ಹೆಚ್ಚಾದರೆ ನೀರು ಹೊರಹೋಗಿ ಕವಚ ಒಳಕ್ಕೆ ಕುಸಿಯುತ್ತದೆ. ಮೊದಲ ಹನಿಗಳ ಚಿತ್ರ ತೆಗೆದು ಕಳಿಸು, ಕವಚ ಎಲ್ಲ ಕಡೆ ಸಮವಿದೆಯೇ ನೋಡಿ ಹೇಳುತ್ತೇನೆ.

ಅಪ್ಪ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಅಕ್ಕ