ಗೆಳೆಯನಿಗೊಂದು ಪತ್ರ: ಕರೆ ಬರುವ ಮೊದಲೇ ಕೊಡುವ ರಕ್ತ

ಹಾಸನ

ಪ್ರಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಎತ್ತಿದ ಪ್ರಶ್ನೆಗೆ ಅವಸರದಲ್ಲಿ ಸರಿಯಾಗಿ ಉತ್ತರಿಸಲಾಗಲಿಲ್ಲವಾದ್ದರಿಂದ ಈ ಪತ್ರ. "ಶಿಬಿರದಲ್ಲಿ ಕೊಟ್ಟ ರಕ್ತ ಯಾರಿಗೆ ಹೋಯಿತೆಂದೇ ತಿಳಿಯುವುದಿಲ್ಲ, ಯಾರಾದರೂ ಬೇಕೆಂದು ಕರೆದಾಗ ಹೋಗಿ ಕೊಟ್ಟು ಬರುವುದೇ ಒಳ್ಳೆಯದಲ್ಲವೇ?" ಎಂದು ಕೇಳಿದ್ದೆ. ಹಗಲು ರಾತ್ರಿಯೆನ್ನದೆ, ಆಫೀಸಿಗೆ ರಜೆ ಹಾಕಿಯಾದರೂ ಓಡಿಹೋಗುವ ನಿನ್ನ ಸ್ವಭಾವದ ಬಗ್ಗೆ ನನಗೆ ಗೌರವವಿದೆ. ಆದರೆ ನಿನ್ನ ಮಾತನ್ನು ಒಪ್ಪಲಾರೆ.

ನಿನ್ನ ತೋಳಿನಿಂದ ತೆಗೆದ ರಕ್ತವನ್ನು ಆ ಕ್ಷಣದಲ್ಲೇ ಯಾರಿಗೂ ಏರಿಸುವಂತಿಲ್ಲ. ಗುಂಪನ್ನು ಮತ್ತೆ ಖಚಿತಪಡಿಸಿಕೊಳ್ಳಬೇಕು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ, ಈ ಐದು ಪರೀಕ್ಷೆಗಳು ಕಡ್ಡಾಯ. ಆಮೇಲೆ ರೋಗಿಯ ರಕ್ತದೊಂದಿಗೆ ಕ್ರಾಸ್ ಮ್ಯಾಚ್ ಮಾಡಿ, ಅಂದರೆ ಎರಡೂ ಹೊಂದುತ್ತವೆಯೇ ಎಂದು ಬೆರೆಸಿ ನೋಡಬೇಕು. ಇವೆಲ್ಲ ಮುಗಿಯಲು ಗಂಟೆಗಳೇ ಬೇಕು. ಶಿರಾಡಿ ಘಾಟಿಯ ತಿರುವಿನಲ್ಲಿ ಲಾರಿಗೆ ಸಿಕ್ಕವನಾಗಲಿ, ಸಕಲೇಶಪುರದ ಆಚೆಯ ಹಳ್ಳಿಯಿಂದ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ ಆಂಬುಲೆನ್ಸಿನಲ್ಲಿ ಬರುವ ಬಾಣಂತಿಯಾಗಲಿ ಅಷ್ಟು ಹೊತ್ತು ಕಾಯುವ ಸ್ಥಿತಿಯಲ್ಲಿರುವುದಿಲ್ಲ. ಅವರ ಜೀವ ಉಳಿಸುವುದು ಹೋದ ವಾರವೋ ಹದಿನೈದು ದಿನದ ಹಿಂದೆಯೋ ಯಾರೋ ಕೊಟ್ಟು, ಪರೀಕ್ಷೆ ಮುಗಿಸಿ ಫ್ರಿಜ್ಜಿನಲ್ಲಿ ಸಿದ್ಧವಾಗಿರುವ ಚೀಲ. ನೀನು ಓಡಿಹೋಗಿ ಕೊಡುವ ಯೂನಿಟ್ಟು ಬಹುತೇಕ ಸಲ, ಅಲ್ಲಿಂದ ಆಗಲೇ ತೆಗೆದದ್ದರ ಜಾಗವನ್ನು ತುಂಬುತ್ತದೆ, ಅಷ್ಟೇ. ಅಂದರೆ ಅದೂ ನಿನಗೆ ಗೊತ್ತಿಲ್ಲದವರಿಗೇ ಹೋಗುತ್ತದೆ.

ಬದಲಿ ರಕ್ತಕ್ಕೆ ಜನರನ್ನು ಹುಡುಕಿ ತನ್ನಿ ಎಂದು ರೋಗಿಯ ಮನೆಯವರಿಗೆ ಹೇಳುವ ಪದ್ಧತಿಯ ಬಗ್ಗೆ ನನಗೆ ಮೊದಲಿನಿಂದಲೂ ಅಸಮಾಧಾನವಿದೆ. ಊರಿನಲ್ಲಿ ಬಂಧುಬಳಗ ಇರುವವರು ಹೇಗೋ ನಾಲ್ಕು ಜನರನ್ನು ಕರೆತಂದಾರು; ಕಾಫಿ ತೋಟದ ಕೆಲಸಕ್ಕೆಂದು ದೂರದ ರಾಜ್ಯದಿಂದ ಬಂದ ಕೂಲಿಯವನು ಯಾರ ಮನೆಯ ಬಾಗಿಲು ಬಡಿಯಬೇಕು? ಹಣ ಪಡೆದು ರಕ್ತ ಕೊಡುವುದು ಸುಪ್ರೀಂ ಕೋರ್ಟಿನ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ದೇಶದಲ್ಲಿ ನಿಷಿದ್ಧವಾಗಿದ್ದರೂ, ದಿಕ್ಕು ತೋಚದೆ ನಿಂತ ಇಂಥವರ ಮುಂದೆಯೇ ದಲ್ಲಾಳಿಗಳು ಬಂದು ನಿಲ್ಲುವುದು.

ನೀನು ಶಿಬಿರಕ್ಕೆ ಬಂದವನಲ್ಲವಾದ್ದರಿಂದ ಅಲ್ಲಿನ ಒಂದು ಸಂಗತಿಯನ್ನು ಹೇಳಲೇಬೇಕು. ಏಪ್ರಿಲ್‌ನಲ್ಲಿ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಶಿಬಿರ ನಡೆದಾಗ, ಫಾರಂ ತುಂಬಿ ತೂಕ, ಬಿಪಿ ನೋಡಿಸಿಕೊಂಡವರನ್ನೆಲ್ಲ ಮೊದಲು ಒಂದು ಸಣ್ಣ ಮೇಜಿನ ಬಳಿಗೆ ಕಳಿಸುತ್ತಿದ್ದರು. ಅಲ್ಲಿ ಗಾಜಿನ ಲೋಟದಲ್ಲಿ ನೀಲಿ ದ್ರಾವಣ. ನನ್ನ ಮುಂದೆ ನಿಂತಿದ್ದ ಕಾಫಿ ಬೆಳೆಗಾರರೊಬ್ಬರು ಅದನ್ನು ಕಂಡೊಡನೆ "ಇದು ನಮ್ಮ ಮೈಲುತುತ್ತ ಅಲ್ಲವೇನ್ರೀ?" ಎಂದು ನಕ್ಕರು. ನಿಜ, ಮಳೆಗಾಲಕ್ಕೆ ಮುನ್ನ ಸುಣ್ಣದೊಂದಿಗೆ ಕಲಸಿ ಗಿಡಗಳಿಗೆ ಹೊಡೆಯುವ ಅದೇ ಮೈಲುತುತ್ತವೇ. ಇಲ್ಲಿ ಅದರ ಸಾಂದ್ರತೆಯನ್ನು ನೀರಿನ 1.053 ಪಟ್ಟು ಇರುವಂತೆ ಅಳೆದು ಇಟ್ಟಿರುತ್ತಾರೆ. ಬೆರಳ ತುದಿ ಚುಚ್ಚಿ ತೆಗೆದ ಒಂದು ಹನಿ ರಕ್ತವನ್ನು ಅದರೊಳಗೆ ಬಿಟ್ಟಾಗ, ಹನಿ ಹದಿನೈದು ಸೆಕೆಂಡಿನೊಳಗೆ ನೇರವಾಗಿ ತಳ ಸೇರಿದರೆ ನೂರು ಮಿಲಿಲೀಟರ್ ರಕ್ತಕ್ಕೆ ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಹೆಚ್ಚು ಇದೆಯೆಂದು ಲೆಕ್ಕ. ಅಷ್ಟಿಲ್ಲದಿದ್ದರೆ ಹನಿ ನಡುವೆಯೇ ತಡೆದು ಮೇಲಕ್ಕೇಳುತ್ತದೆ. ಆಸೆಯಿಂದ ಬಂದಿದ್ದ ಹೆಂಗಸರಲ್ಲಿ ಹಲವರ ಹನಿ ಹೀಗೆ ಮೇಲೆದ್ದಿತು. ಅವರು ಬೇಸರದಿಂದ ಹಿಂದಿರುಗಿದರೂ, ತಮಗೆ ರಕ್ತಹೀನತೆ ಇದೆಯೆಂಬುದನ್ನು ಅಂದೇ ಮೊದಲ ಬಾರಿಗೆ ತಿಳಿದುಕೊಂಡು, ವೈದ್ಯರ ಸಲಹೆ ಪಡೆದೇ ಹೋದರು. ನನ್ನ ದೃಷ್ಟಿಯಲ್ಲಿ ಅಂದಿನ ಶಿಬಿರದ ಲಾಭಗಳಲ್ಲಿ ಇದೂ ಒಂದು.

ಉಳಿದದ್ದು ಬೇಗ ಮುಗಿಯಿತು. ಐವತ್ತೈದು ಕಿಲೋಗಿಂತ ಹೆಚ್ಚು ತೂಕವಿರುವವರಿಂದ 450 ಮಿಲಿಲೀಟರ್, ನಲವತ್ತೈದರಿಂದ ಐವತ್ತೈದರ ನಡುವಿನವರಿಂದ 350. ಕೊನೆಗೆ ಬಾಳೆಹಣ್ಣು, ಬಿಸ್ಕೆಟ್ ಮತ್ತು ಕಾಫಿ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕುಳಿತು ಅಂಥ ನೀರು ಕಾಫಿಯನ್ನು ಕುಡಿಯಬೇಕಾಗಿ ಬಂದದ್ದೊಂದೇ ನನ್ನ ಆಕ್ಷೇಪ.

ಏಪ್ರಿಲ್ ತಿಂಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ, ಮತ್ತು ಅದಕ್ಕಾಗಿ ನಮ್ಮ ಸಮಿತಿಯಲ್ಲಿ ಸಾಕಷ್ಟು ವಾಗ್ವಾದವೂ ನಡೆಯಿತು. ಹಿರಿಯರಿಗೆಲ್ಲ ರಾಜ್ಯೋತ್ಸವದ ದಿನವೇ ಆಗಬೇಕೆಂಬ ಆಸೆ. ಬಾವುಟ, ಭಾಷಣ, ಶಾಲು, ಅದರ ಜೊತೆಗೆ ರಕ್ತದಾನ. ಆದರೆ ರಕ್ತವನ್ನು ಕೂಡಿಟ್ಟು ಬೇಕಾದಾಗ ತೆಗೆಯುತ್ತೇವೆಂದರೆ ಸಾಧ್ಯವಿಲ್ಲ. ರಕ್ತದಿಂದ ಬೇರ್ಪಡಿಸಿದ ಕೆಂಪು ಕಣಗಳು 2ರಿಂದ 6 ಡಿಗ್ರಿ ತಂಪಿನಲ್ಲಿ ಸಾಮಾನ್ಯ ಚೀಲದಲ್ಲಿ 35 ದಿನ, ಪೋಷಕ ದ್ರಾವಣ ಸೇರಿಸಿದ ಚೀಲದಲ್ಲಿ 42 ದಿನ ಉಳಿಯುತ್ತವೆ. ರಕ್ತಸ್ರಾವ ನಿಲ್ಲಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್‌ಗಳನ್ನು 20ರಿಂದ 24 ಡಿಗ್ರಿಯಲ್ಲಿ ಬಿಡದೆ ಅಲುಗಾಡಿಸುತ್ತಿದ್ದರೂ ಅವುಗಳ ಆಯಸ್ಸು ಐದೇ ದಿನ. ಮಂಜುಗಟ್ಟಿಸಿಟ್ಟ ಪ್ಲಾಸ್ಮಾ (ರಕ್ತದ ದ್ರವಭಾಗ) ಮಾತ್ರ ಒಂದು ವರ್ಷ ಇರುತ್ತದೆ. ಹೀಗಿರುವಾಗ ನಾಯಕರ ಹುಟ್ಟುಹಬ್ಬಕ್ಕೋ ರಾಜ್ಯೋತ್ಸವಕ್ಕೋ ಒಂದೇ ದಿನ ಮುನ್ನೂರು ಚೀಲ ತುಂಬಿಸಿ ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಂಡರೆ, ಅದರಲ್ಲಿ ಎಷ್ಟು ಬಳಕೆಯಾಯಿತು, ಎಷ್ಟು ಅವಧಿ ಮೀರಿತು ಎಂದು ಆಮೇಲೆ ಕೇಳುವವರೇ ಇರುವುದಿಲ್ಲ. ಏಪ್ರಿಲ್ ಮೇ ತಿಂಗಳಲ್ಲಾದರೋ ಪರೀಕ್ಷೆ, ರಜೆಗಳಿಂದ ಕಾಲೇಜುಗಳು ಖಾಲಿಯಾಗಿ, ದಾನಿಗಳಲ್ಲಿ ಬಹುಪಾಲಾದ ವಿದ್ಯಾರ್ಥಿಗಳು ಊರು ಸೇರಿರುತ್ತಾರೆ. ಬಿಸಿಲಿಗೆ ಹೆದರಿ ದೊಡ್ಡವರೂ ಹಿಂಜರಿಯುತ್ತಾರೆ. ಅಪಘಾತ, ಹೆರಿಗೆ, ಶಸ್ತ್ರಚಿಕಿತ್ಸೆಗಳಿಗೆ ಮಾತ್ರ ಬೇಸಿಗೆ ರಜೆಯಿಲ್ಲ. ಕೆಲವು ವಾರಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳಲೇಬೇಕಾದ, ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ಮಕ್ಕಳಿಗಂತೂ ಮೊದಲೇ ಇಲ್ಲ. ಈ ಮಾತನ್ನು ರಕ್ತನಿಧಿಯ ತಂತ್ರಜ್ಞರ ಬಾಯಿಂದಲೇ ಸಮಿತಿಯ ಮುಂದೆ ಹೇಳಿಸಿದ ಮೇಲೆ ಹಿರಿಯರು ಒಪ್ಪಿದರು. ಶಾಲು ಹೊದಿಸುವುದನ್ನು ಮಾತ್ರ ಬಿಡಲಿಲ್ಲ.

ಮುಂದಿನ ಶಿಬಿರ ಜುಲೈನಲ್ಲಿ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ಜೂನ್ 14ನ್ನು ವಿಶ್ವ ರಕ್ತದಾನಿಗಳ ದಿನವೆಂದು ಆಚರಿಸುವುದರಿಂದ ಅಂದು ಎಲ್ಲೆಡೆ ಶಿಬಿರಗಳಿರುತ್ತವೆ. ಆ ಗದ್ದಲ ಇಳಿದ ಮೇಲೆ, ಮಳೆ ಹಿಡಿದು, ಪ್ಲೇಟ್‌ಲೆಟ್‌ಗಳನ್ನು ಇಳಿಸುವ ಡೆಂಗ್ಯೂ ಕಾಣಿಸಿಕೊಳ್ಳುವ ಹೊತ್ತಿಗೆ ನಮ್ಮದು ಇರಲಿ ಎಂದು ತೀರ್ಮಾನಿಸಿದ್ದೇವೆ. ನಿನ್ನದು ಓ ನೆಗೆಟಿವ್ ಆಗಿದ್ದರೆ, ಅಪರೂಪದ ಗುಂಪಿನವರು ಕರೆಗಾಗಿ ಕಾದಿರುವುದರಲ್ಲಿ ಅರ್ಥವಿದೆಯೆಂದು ನಿನ್ನ ವಾದವನ್ನು ಅರ್ಧವಾದರೂ ಒಪ್ಪುತ್ತಿದ್ದೆ. ಆದರೆ ನಿನ್ನದು ಎಲ್ಲೆಡೆ ಸದಾ ಬೇಕಾಗುವ ಓ ಪಾಸಿಟಿವ್. ಮಾರ್ಚ್‌ನಲ್ಲಿ ಕೊಟ್ಟವನಿಗೆ ಗಂಡಸರಿಗೆ ವಿಧಿಸಿರುವ 90 ದಿನಗಳ ಅಂತರವೂ ಅಷ್ಟರಲ್ಲಿ ಮುಗಿದಿರುತ್ತದೆ. ಹೆಂಗಸರಿಗಾದರೆ ಅದು 120 ದಿನ; ನಿನ್ನ ಮನೆಯವರೂ ಬರುವುದಾದರೆ ಲೆಕ್ಕ ಹಾಕಿಕೊಳ್ಳಲಿ.

ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡು. ಬೆಂಗಳೂರಿನಿಂದ ಬೆಳಗಿನ ಬಸ್ಸಿಗೆ ಹೊರಟು ಖಾಲಿ ಹೊಟ್ಟೆಯಲ್ಲಿ ಬಂದು ನಿಲ್ಲಬೇಡ. ಶನಿವಾರವೇ ಬಂದು ನಮ್ಮ ಮನೆಯಲ್ಲಿ ಉಳಿದುಕೊಂಡರೆ ಬೆಳಿಗ್ಗೆ ಅಕ್ಕಿರೊಟ್ಟಿ ತಿಂದು ಒಟ್ಟಿಗೆ ಹೋಗಬಹುದು. ಫಾರಂನಲ್ಲಿ ಕೇಳುವ ಜ್ವರ, ಮಾತ್ರೆ, ಹಚ್ಚೆ ಮುಂತಾದವುಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರ ಬರೆಯಬೇಕು. ಫ್ಲಾಸ್ಕಿನಲ್ಲಿ ಕಾಫಿಯನ್ನು ನಾನೇ ತರುತ್ತೇನೆ.

ಇಂತಿ,
ನಿನ್ನ ಗೆಳೆಯ