ಟೀಮ್ ಲೀಡ್ ಆದ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನೀನು ಟೀಮ್ ಲೀಡ್ ಆದ ಸುದ್ದಿಯನ್ನು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ತುಂಬಾ ಖುಷಿಯಾಯಿತು. "ಎಲ್ಲರ ಹತ್ರ ವಿನಯದಿಂದ ಇರ್ತೀನಿ, ಯಾರಿಗೆ ಕಷ್ಟ ಆದ್ರೂ ಅವರ ಕೆಲಸ ನಾನೇ ಮಾಡಿಕೊಡ್ತೀನಿ" ಎಂದು ಮೆಸೇಜ್ ಹಾಕಿದ್ದೆಯಲ್ಲ, ಅದನ್ನು ಓದಿ ಈ ಪತ್ರ ಬರೆಯಬೇಕೆನಿಸಿತು. ನಿನ್ನ ಮನಸ್ಸು ಒಳ್ಳೆಯದು. ಆದರೆ ಹಿಡಿದ ದಾರಿಯ ಬಗ್ಗೆ ಎರಡು ಮಾತು ಹೇಳಬೇಕು.

ಮೆತ್ತಗೆ ಮಾತಾಡುತ್ತಲೇ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದ ಮೇಲಧಿಕಾರಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರನ್ನು ವಿನಯವಂತರು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನನಗೆ ಗೊತ್ತಿಲ್ಲದ್ದು ನನ್ನ ತಂಡದವರಿಗೆ ಗೊತ್ತಿರುತ್ತದೆ ಎಂದು ನಿಜವಾಗಿ ನಂಬಬೇಕು. ನಂಬಿದ್ದೀಯಾ ಇಲ್ಲವಾ ಎಂದು ತಿಳಿಯುವುದು ಸುಲಭ. ಕೆಟ್ಟ ಸುದ್ದಿ ನಿನ್ನ ತನಕ ಎಷ್ಟು ಬೇಗ ಬರುತ್ತದೆ ನೋಡು.

ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸುಗಳ ತಂಡಗಳನ್ನು ಅಧ್ಯಯನ ಮಾಡಿದರು. ಔಷಧಿ ಕೊಡುವಾಗ ಆಗುವ ತಪ್ಪುಗಳ ಲೆಕ್ಕ ಅದು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಅಲ್ವಾ? ಲೆಕ್ಕದಲ್ಲಿ ಬಂದದ್ದು ಉಲ್ಟಾ. ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ ಕಂಡವು. ಒಳಹೊಕ್ಕು ನೋಡಿದಾಗ ಕಾರಣ ಗೊತ್ತಾಯಿತು. ಅಲ್ಲಿಯವರು ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು.

ಹಾಗಾಗಿ ನಿನ್ನ ಮೀಟಿಂಗ್‌ಗಳು ಪ್ರತಿ ಸಲ "ಎಲ್ಲ ಸರಿ ಇದೆ" ಎಂದೇ ಮುಗಿದರೆ ಹುಷಾರಾಗು. ಯಾರಾದರೂ ಬಂದು "ನನ್ನಿಂದ ತಪ್ಪಾಯ್ತು" ಅಂದಾಗ ನಿನ್ನ ಬಾಯಿಂದ ಬರುವ ಮೊದಲ ಮಾತನ್ನು ಇಡೀ ತಂಡ ನೆನಪಿಟ್ಟುಕೊಳ್ಳುತ್ತದೆ. "ಬೇಗ ಹೇಳಿದ್ದು ಒಳ್ಳೇದಾಯ್ತು, ಈಗ ಏನು ಮಾಡೋಣ?" ಎನ್ನು. ಹೇಗಾಯಿತು ಎಂದು ಆಮೇಲೆ ಕೂತು ನೋಡಿದರಾಯಿತು. ಚರ್ಚೆಯಲ್ಲಿ ನಿನ್ನ ಅಭಿಪ್ರಾಯವನ್ನು ಕೊನೆಗೆ ಹೇಳು. ಮೊದಲೇ ಹೇಳಿಬಿಟ್ಟರೆ ಉಳಿದವರು ಸುಮ್ನೆ ತಲೆಯಾಡಿಸುತ್ತಾರೆ.

ಇನ್ನು ಅವರ ಕೆಲಸ ನೀನೇ ಮಾಡಿಕೊಡುವ ವಿಚಾರ. ಸೇವೆ ಮಾಡುವವನೇ ನಾಯಕ ಎಂಬ ವಿಚಾರವನ್ನು 1970ರಲ್ಲಿ ಬರೆದ ರಾಬರ್ಟ್ ಗ್ರೀನ್‌ಲೀಫ್ ದೊಡ್ಡ ಟೆಲಿಫೋನ್ ಕಂಪನಿಯೊಂದರಲ್ಲಿ ದುಡಿದು ನಿವೃತ್ತರಾದವರು. ಅವರು ಇಟ್ಟ ಪರೀಕ್ಷೆ ಇದು: ನೀನು ಯಾರ ಸೇವೆ ಮಾಡುತ್ತೀಯೋ ಅವರು ಬೆಳೆಯುತ್ತಿದ್ದಾರಾ? ತಮ್ಮ ಕಾಲ ಮೇಲೆ ತಾವು ನಿಲ್ಲುತ್ತಿದ್ದಾರಾ? ರಾತ್ರಿ ಕೂತು ಹೊಸ ಹುಡುಗನ ಕೆಲಸ ನೀನೇ ಮುಗಿಸಿದರೆ ಅವನು ಕಲಿಯುವುದು ಯಾವಾಗ?

ಟೊಯೋಟಾ ಕಾರ್ಖಾನೆಗಳ ಪದ್ಧತಿ ನನಗೆ ಬಹಳ ಇಷ್ಟ. ಅಸೆಂಬ್ಲಿ ಲೈನಿನಲ್ಲಿ ತೊಂದರೆ ಕಂಡ ಯಾವ ಕೆಲಸಗಾರನಾದರೂ ಪಕ್ಕದ ಹಗ್ಗ ಎಳೆಯಬಹುದು, ಇಲ್ಲವೇ ಗುಂಡಿ ಒತ್ತಬಹುದು. ತಂಡದ ಲೀಡರ್ ಅವನಿದ್ದಲ್ಲಿಗೇ ಬರುತ್ತಾನೆ. ಇಬ್ಬರೂ ಸೇರಿ ನೋಡುತ್ತಾರೆ. ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ನಿನ್ನ ಕೆಲಸವೂ ಹಾಗೇ. ಕರೆದಾಗ ಹೋಗಬೇಕು. ಸಿಕ್ಕಿಹಾಕಿಕೊಂಡ ಅನುಮತಿ ತರಿಸಬೇಕು. ಉತ್ತರ ಕೊಡದ ಬೇರೆ ವಿಭಾಗದ ಬೆನ್ನು ಹತ್ತಬೇಕು. ಆಗದ ಗಡುವನ್ನು ಮೇಲಿನವರ ಮುಂದೆ "ಆಗಲ್ಲ" ಎಂದು ಹೇಳಬೇಕು. ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೂ ಮಾಡು.

ಕೆಲಸ ಚೆನ್ನಾಗಿಲ್ಲದಿದ್ದರೆ ಅದನ್ನೂ ಹೇಳಲೇಬೇಕು. ಬೇಗ ಹೇಳು, ಒಬ್ಬರೇ ಇದ್ದಾಗ ಹೇಳು, ಯಾವುದು ಸರಿಯಿಲ್ಲ ಎಂದು ಬಿಡಿಸಿ ಹೇಳು. ನೋವಾಗುತ್ತದೆಂದು ಸುಮ್ಮನಿದ್ದು ವರ್ಷದ ಕೊನೆಗೆ ಕಡಿಮೆ ರೇಟಿಂಗ್ ಕೊಡುವುದು ಕ್ರೌರ್ಯ.

ಹೆಣ್ಣುಮಗಳು ಅನ್ನೋ ಕಾರಣಕ್ಕೆ ಇನ್ನೊಂದು ಮಾತು. ಮೀಟಿಂಗ್ ನೋಟ್ಸ್, ಹುಟ್ಟುಹಬ್ಬದ ಕೇಕು, ಎಲ್ಲ ನಿನ್ನ ತಲೆಗೇ ಬರುತ್ತಿದ್ದರೆ ವಿನಯ ಎಂದುಕೊಂಡು ಹೊತ್ತುಕೊಳ್ಳಬೇಡ. ಸರದಿ ಹಾಕು. ಸರದಿಯಲ್ಲಿ ನಿನ್ನ ಹೆಸರೂ ಇರಲಿ.

ಈ ವಾರ ಒಬ್ಬೊಬ್ಬರನ್ನೇ ಕೂರಿಸಿಕೊಂಡು, "ನಿನ್ನ ಕೆಲಸಕ್ಕೆ ಏನು ಅಡ್ಡ ಬರ್ತಿದೆ?" ಎಂದು ಕೇಳು. ಮೊದಲ ಸಲ ಯಾರೂ ಪೂರ್ತಿ ಹೇಳಲಿಕ್ಕಿಲ್ಲ. ಹೇಳಿದ್ದರಲ್ಲಿ ಒಂದನ್ನಾದರೂ ಸರಿಮಾಡಿ, ಆಮೇಲೆ ಮತ್ತೆ ಕೇಳು. ಏನಂದರು ಎಂದು ನನಗೂ ಬರೆ.

ಇಂತಿ,
ನಿನ್ನ ದೊಡ್ಡಮ್ಮ