ಸೋಮವಾರದ ಪತ್ರಗಳು

ಲೀಹೈ, ಯೂಟಾ

ಪ್ರೀತಿಯ ಮಗಳಿಗೆ ಅಮ್ಮ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಕ್ಷೇಮವಾಗಿದ್ದೇವೆ.

ಮಾರ್ಮನ್ ಚರ್ಚಿನ ಮಿಷನರಿಯಾಗಿ ಧರ್ಮಪ್ರಚಾರಕ್ಕೆ ಹೋಗಿರುವ ಪಕ್ಕದ ಮನೆಯ ನಿನ್ನ ಗೆಳತಿ ಮುಂದಿನ ತಿಂಗಳು ಬ್ರೆಜಿಲ್‌ನಿಂದ ಮರಳುತ್ತಾಳೆ, ಅವಳನ್ನು ಎದುರುಗೊಳ್ಳಲು ನೀನೂ ಬಾ ಎಂದು ಕಳೆದ ವಾರ ಫೋನಿನಲ್ಲಿ ಹೇಳಿದೆ. "ಒಂದೂವರೆ ವರ್ಷ ಮನೆಮನೆ ತಿರುಗಿ ಧರ್ಮ ಮಾರಿದವಳ ಹತ್ತಿರ ನಾನೇನು ಮಾತಾಡಲಿ?" ಎಂದೆ ನೀನು. ಆಗ ನನಗೆ ಉತ್ತರ ಹೊಳೆಯಲಿಲ್ಲ, ಆದ್ದರಿಂದ ಈ ಪತ್ರ. ಅವಳು ವಾರಕ್ಕೊಮ್ಮೆ ಮನೆಗೆ ಬರೆಯುವುದನ್ನು ಅವಳ ತಾಯಿ ನನಗೂ ಕಳುಹಿಸುತ್ತಾ ಬಂದಿದ್ದಾರೆ. ಎಪ್ಪತ್ತಕ್ಕೂ ಹೆಚ್ಚು ಪತ್ರಗಳನ್ನು ಓದಿದ ಮೇಲೆ ಅವಳ ಒಂದು ವಾರ ಹೇಗೆ ಕಳೆಯುತ್ತದೆ ಎಂಬುದು ನನಗೆ ಚೆನ್ನಾಗಿ ತಿಳಿದಿದೆ. ನಿನ್ನ ವಾರ ಹೇಗೆ ಕಳೆಯುತ್ತದೆ ಎಂಬುದು ಅಷ್ಟು ತಿಳಿದಿಲ್ಲ, ಅದು ಬೇರೆ ಮಾತು.

ಅವಳ ವಾರ ಆರಂಭವಾಗುವುದೇ ಸೋಮವಾರದಿಂದ. ಅದನ್ನು ಸಿದ್ಧತೆಯ ದಿನ ಎನ್ನುತ್ತಾರೆ. ಬಟ್ಟೆ ಒಗೆಯುವುದು, ದಿನಸಿ ತರುವುದು, ಮನೆ ಗುಡಿಸುವುದು, ಪತ್ರ ಬರೆಯುವುದು, ಎಲ್ಲವೂ ಸಂಜೆ ಆರರೊಳಗೆ ಮುಗಿಯಬೇಕು. ಆರರ ನಂತರ ಮತ್ತೆ ಕೆಲಸ. 2019ರ ಫೆಬ್ರವರಿಯವರೆಗೂ ಈ ಮಕ್ಕಳು ಮನೆಗೆ ಫೋನ್ ಮಾಡಬಹುದಾಗಿದ್ದದ್ದು ಸಾಮಾನ್ಯವಾಗಿ ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೊಮ್ಮೆ, ಅಮ್ಮಂದಿರ ದಿನಕ್ಕೊಮ್ಮೆ. ಈಗ ವಾರಕ್ಕೊಮ್ಮೆ ಮಾಡಬಹುದು, ಅವಳು ಒಂದು ವಾರವನ್ನೂ ತಪ್ಪಿಸಿಲ್ಲ. ಹಗಲಿರುಳೂ ಫೋನ್ ಕೈಯಲ್ಲೇ ಇರುವವರಿಗೆ ಈ ವಿಷಯವನ್ನು ಸುಮ್ಮನೆ ತಿಳಿಸಿದ್ದೇನೆ.

ಉಳಿದ ದಿನಗಳು ಒಂದೇ ಅಚ್ಚಿನವು. ಬೆಳಿಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ತಿಂಡಿ, ಆಮೇಲೆ ಧರ್ಮಗ್ರಂಥದ ಓದು, ಪೋರ್ಚುಗೀಸ್ ಭಾಷೆಯ ಅಭ್ಯಾಸ. ಹತ್ತರ ಹೊತ್ತಿಗೆ ಹೊರಟರೆ ರಾತ್ರಿ ಒಂಬತ್ತಕ್ಕೆ ಮರಳುವುದು, ಹತ್ತೂವರೆಗೆ ದೀಪ ಆರಿಸುವುದು. ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿರುವ ಪ್ರೊವೊದ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಕಲಿತ ಭಾಷೆಯನ್ನು ನೆಚ್ಚಿಕೊಂಡು ಅವಳು ರೆಸಿಫೆ ನಗರದ ಬೀದಿಗಿಳಿದಳು. ಮೊದಲ ವಾರದ ಪತ್ರದಲ್ಲಿ, "ನನಗೆ ಪ್ರಾರ್ಥನೆ ಮಾಡಲು ಬರುತ್ತದೆ, ಬಸ್ ಎಲ್ಲಿ ನಿಲ್ಲುತ್ತದೆ ಎಂದು ಕೇಳಲು ಬರುವುದಿಲ್ಲ" ಎಂದು ಬರೆದಿದ್ದಳು.

ಊರನ್ನು ಅವಳು ಆರಿಸಿಕೊಂಡದ್ದಲ್ಲ. ಸಾಲ್ಟ್ ಲೇಕ್ ಸಿಟಿಯಿಂದ ಚರ್ಚಿನ ಅಧ್ಯಕ್ಷರ ಸಹಿಯೊಂದಿಗೆ ಕರೆ ಬರುತ್ತದೆ, ಹೆಸರಿಸಿದ ಕಡೆ ಹೋಗಬೇಕು. ಗಂಡು ಮಕ್ಕಳಿಗೆ 2 ವರ್ಷ, ಹೆಣ್ಣು ಮಕ್ಕಳಿಗೆ 18 ತಿಂಗಳು. ಸಂಬಳವಿಲ್ಲ, 2020ರ ಜುಲೈಯಿಂದ ಅಮೆರಿಕದ ಕುಟುಂಬಗಳು ತಿಂಗಳಿಗೆ 500 ಡಾಲರ್ ಕಟ್ಟುತ್ತಿವೆ. ನೀನು ಧರ್ಮ ಮಾರುವುದು ಎಂದೆಯಲ್ಲ, ಕೈಯಿಂದ ಹಣ ಹಾಕಿ ನಡೆಸುವ ಈ ವ್ಯಾಪಾರದಲ್ಲಿ ಮಾರುವವಳಿಗೆ ಕಾಸಿನ ಲಾಭವೂ ಇಲ್ಲ.

ಬ್ರೆಜಿಲ್‌ನಲ್ಲಿ ಬಾಗಿಲು ತಟ್ಟುವುದಿಲ್ಲವಂತೆ, ಗೇಟಿನ ಮುಂದೆ ನಿಂತು ಚಪ್ಪಾಳೆ ತಟ್ಟಬೇಕಂತೆ. ನಿನ್ನ ಗೆಳತಿ ಎಂತಹ ಸಂಕೋಚದ ಹುಡುಗಿ ಎಂದು ನಿನಗೆ ಗೊತ್ತು. ನಮ್ಮ ಮನೆಗೆ ಬಂದರೆ ಕರೆಗಂಟೆ ಒತ್ತಲಾರದೆ ನೀನು ಹೊರಗೆ ಬರುವವರೆಗೆ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದಳು. ಅವಳು ಎದೆಗೆ ಹೆಸರಿನ ಕಪ್ಪು ಬಿಲ್ಲೆ ಸಿಕ್ಕಿಸಿಕೊಂಡು, ಬೆವರಿನಲ್ಲಿ ತೊಯ್ದು, ಅಪರಿಚಿತರ ಗೇಟಿನ ಮುಂದೆ ದಿನವಿಡೀ ಚಪ್ಪಾಳೆ ತಟ್ಟುತ್ತಾಳೆ. ಹೆಚ್ಚಿನವರು ಪರದೆ ಸರಿಸಿ ನೋಡಿ ಸುಮ್ಮನಾಗುತ್ತಾರೆ. ಕೆಲವರು ನೀರು ಕೊಟ್ಟು ಕಳುಹಿಸುತ್ತಾರೆ. ಏಳನೆಯ ತಿಂಗಳಲ್ಲಿ ಅವಳು ಬರೆದ ಪತ್ರ ಬರೀ ನಾಲ್ಕು ಸಾಲಿನದು: ತಾನು ಕಲಿಸಿದವರಲ್ಲಿ ಒಬ್ಬಳೇ ದೀಕ್ಷಾಸ್ನಾನ ಪಡೆದಳು, ಅವಳೂ ಈಗ ಚರ್ಚಿಗೆ ಬರುತ್ತಿಲ್ಲ ಎಂದು.

ಸ್ಥಳೀಯ ಸದಸ್ಯರು ಸರದಿಯಂತೆ ಹಾಕುವ ಮಧ್ಯಾಹ್ನದ ಊಟದ ವಿಷಯ ಬಂದಾಗ ಮಾತ್ರ ಪತ್ರಗಳು ಉದ್ದವಾಗುತ್ತವೆ. ಅನ್ನ, ಕಾಳಿನ ಸಾರು, ಮರಗೆಣಸಿನ ಹುರಿದ ಹಿಟ್ಟು. ಮೆಕ್ಕೆಜೋಳದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ತಿಂಡಿಯೊಂದನ್ನು ತಿಂದಾಗ "ಆಂಟಿ ಮಾಡುವ ಉಪ್ಪಿಟ್ಟು ನೆನಪಾಯಿತು" ಎಂದು ಬರೆದಿದ್ದಳು. ಗೇರುಹಣ್ಣನ್ನಂತೂ ಅವಳು ಮೊದಲ ಬಾರಿ ನೋಡಿದ್ದು ಅಲ್ಲೇ. ನಮ್ಮ ಹೊನ್ನಾವರದ ಬೇಣದಲ್ಲಿ ಅಜ್ಜ ಕಾಯುತ್ತಿದ್ದ ಗೇರುಮರದ ಮೂಲ ಈಶಾನ್ಯ ಬ್ರೆಜಿಲ್, ಪೋರ್ಚುಗೀಸರು ಅದನ್ನು ನಮ್ಮ ಕರಾವಳಿಗೆ ತಂದರು ಎಂದು ನಾನು ಅವಳಿಗೆ ಉತ್ತರ ಬರೆದೆ.

ಇನ್ನು ಜೊತೆಗಾರಿಕೆಯ ನಿಯಮ. ಮಿಷನರಿ ಎಂದೂ ಒಂಟಿಯಾಗಿರುವಂತಿಲ್ಲ. ಇಬ್ಬರೂ ಒಬ್ಬರ ಕಣ್ಣಿಗೆ, ಕಿವಿಗೆ ಒಬ್ಬರು ಸಿಗುವಷ್ಟು ಹತ್ತಿರದಲ್ಲಿರಬೇಕು. ಜೊತೆ ಯಾರೆಂಬುದನ್ನು ಮೇಲಿನವರು ನಿರ್ಧರಿಸುತ್ತಾರೆ, ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ಬದಲಾವಣೆ ಬರುತ್ತದೆ ಅಥವಾ ಬರುವುದಿಲ್ಲ. ಒಬ್ಬ ಹುಡುಗಿಯೊಂದಿಗೆ ಅವಳಿಗೆ ಹನ್ನೆರಡು ವಾರ ಸರಿಹೋಗಲೇ ಇಲ್ಲ. ನೀನು ಹಾಸ್ಟೆಲಿನ ಕೋಣೆಯನ್ನು ಎರಡು ಸಲ ಬದಲಿಸಿದ್ದನ್ನು ನೆನೆದು ನನಗೆ ನಗು ಬಂತು.

ಭಾನುವಾರ ಎರಡು ಗಂಟೆಯ ಆರಾಧನೆ ಇರುತ್ತದೆ. ತಿಂಗಳ ಮೊದಲ ಭಾನುವಾರ ಉಪವಾಸ. ದೀಕ್ಷಾಸ್ನಾನದ ದಿನ ಬಿಳಿ ಉಡುಪಿನಲ್ಲಿ ನೀರಿಗಿಳಿಯುತ್ತಾರೆ. ಇಲ್ಲಿ ನನ್ನದೊಂದು ತಕರಾರಿದೆ. ಆ ಹೆಂಗಸಿಗೆ ವಾರಗಟ್ಟಲೆ ಪಾಠ ಹೇಳಿದವಳು ನಿನ್ನ ಗೆಳತಿ. ಆದರೆ ನೀರಿನಲ್ಲಿ ಮುಳುಗಿಸಿ ಎತ್ತುವ ಅಧಿಕಾರವಿದ್ದದ್ದು ಪುರೋಹಿತ ಪದವಿಯಿರುವ ಗಂಡಸಿಗೆ ಮಾತ್ರ, ಅಂದರೆ ಹದಿನಾರರ ಆಸುಪಾಸಿನ ಯಾವನೋ ಹುಡುಗನಿಗೂ. ಹೆಂಗಸರಿಗೆ ಸಾಕ್ಷಿಯಾಗಿ ನಿಲ್ಲುವ ಅವಕಾಶ ಸಿಕ್ಕಿದ್ದೂ 2019ರಲ್ಲಿ. ಗರ್ಭಗುಡಿಯ ಹೊಸ್ತಿಲ ಈಚೆಯೇ ನಿಂತು ಬೆಳೆದ ನನಗೆ ಇದು ಹೊಸದಲ್ಲ, ಆದರೂ ಓದುವಾಗ ಕಸಿವಿಸಿಯಾಯಿತು.

ಅದಕ್ಕಿಂತ ದೊಡ್ಡ ತಕರಾರನ್ನು ಅವಳ ಮುಂದಿಟ್ಟವಳು ರೆಸಿಫೆಯ ಒಬ್ಬ ಕಪ್ಪು ಮುದುಕಿ. 1978ರ ಜೂನ್‌ವರೆಗೆ ಈ ಚರ್ಚಿನಲ್ಲಿ ಆಫ್ರಿಕಾ ಮೂಲದ ಗಂಡಸರಿಗೆ ಪುರೋಹಿತ ಪದವಿಯಾಗಲಿ, ಹೆಂಗಸರಿಗೂ ಸೇರಿ ದೇವಾಲಯದ ಮುಖ್ಯ ವಿಧಿಗಳಾಗಲಿ ಇರಲಿಲ್ಲ. ಸಾವೊ ಪೌಲೊದಲ್ಲಿ ದೇವಾಲಯ ಕಟ್ಟಲು ಹೊರಟಾಗ, ತಲೆಮಾರುಗಳಿಂದ ರಕ್ತ ಬೆರೆತ ಆ ದೇಶದಲ್ಲಿ ಯಾರನ್ನು ಒಳಗೆ ಬಿಡುವುದು, ಯಾರನ್ನು ತಡೆಯುವುದು ಎಂಬುದೇ ಬಗೆಹರಿಯದ ಪ್ರಶ್ನೆಯಾಗಿತ್ತು. ಆ ವರ್ಷ ನಿಷೇಧ ಹೋಯಿತು. ಮುದುಕಿ ಗೇಟು ತೆರೆದು, ಕುಳ್ಳಿರಿಸಿ, ಅದು ಯಾಕೆ ಹಾಗಿತ್ತು ಎಂದು ಕೇಳಿದಳಂತೆ. ಪ್ರೊವೊದಲ್ಲಿ ಕಲಿತ ಉತ್ತರ ನಾಲಿಗೆಯ ತುದಿಗೆ ಬಂದರೂ ಹೇಳಲು ನಾಚಿಕೆಯಾಗಿ, "ಗೊತ್ತಿಲ್ಲ, ಹಾಗಿರಬಾರದಿತ್ತು" ಎಂದಳಂತೆ ನಿನ್ನ ಗೆಳತಿ. ಮುದುಕಿ ಒಳಗೆ ಹೋಗಿ ಗೇರುಹಣ್ಣಿನ ರಸ ತಂದುಕೊಟ್ಟಳು. ಚರ್ಚಿಗೆ ಅವಳು ಎಂದೂ ಬರಲಿಲ್ಲ. ಆದರೆ ಇವಳು ಆ ಊರಿನಲ್ಲಿದ್ದಷ್ಟು ದಿನವೂ ಪ್ರತಿ ಗುರುವಾರ ಹೋಗಿ ಅವಳ ಅಂಗಳ ಗುಡಿಸಿ ಬರುತ್ತಿದ್ದಳು. ನಾನು ಈ ಪತ್ರವನ್ನು ಮೂರು ಸಲ ಓದಿದೆ.

ನಾವು ಲೀಹೈಗೆ ಬಂದ ಮೊದಲ ಚಳಿಗಾಲ ನಿನಗೆ ನೆನಪಿರಲಾರದು. ಮೊಣಕಾಲುದ್ದ ಹಿಮ ಬಿದ್ದಿತ್ತು, ಅಪ್ಪ ಊರಲ್ಲಿರಲಿಲ್ಲ. ಟೈ ಕಟ್ಟಿದ ಇಬ್ಬರು ಹುಡುಗರು ಸಲಿಕೆ ಹಿಡಿದು ಬಂದು ಮನೆಯ ಮುಂದಿನ ದಾರಿ ಬಿಡಿಸಿಕೊಟ್ಟರು. ಕಾಫಿ ತಂದೆ, ಮುಟ್ಟಲಿಲ್ಲ. ಅವರ ಧರ್ಮದಲ್ಲಿ ಚಹಾ, ಕಾಫಿ ನಿಷಿದ್ಧವೆಂದು ನನಗೇನು ಗೊತ್ತು! ಕೊನೆಗೆ ಆ ಚಳಿಯಲ್ಲಿ ಮಜ್ಜಿಗೆ ಕೊಟ್ಟೆ, ಮುಖ ಕಿವುಚದೆ ಕುಡಿದರು. ಅವರು ಬಿಟ್ಟುಹೋದ ಪುಸ್ತಕ, ಅವರ ಧರ್ಮಗ್ರಂಥವಾದ 'ಬುಕ್ ಆಫ್ ಮಾರ್ಮನ್', ಈಗಲೂ ಕಪಾಟಿನಲ್ಲಿದೆ. ಅರ್ಧ ಓದಿದ್ದೇನೆ, ನಂಬಿಕೆ ಹುಟ್ಟಲಿಲ್ಲ. ನಮ್ಮ ಊರಿನ ಹೆಸರು ಆ ಪುಸ್ತಕದ ಪ್ರವಾದಿಯೊಬ್ಬನದು ಎಂದು ತಿಳಿದದ್ದಷ್ಟೇ ಲಾಭ.

ಅವಳು ಬರುವ ದಿನ ಚರ್ಚಿನವರು, ನೆಂಟರು ಬ್ಯಾನರ್ ಹಿಡಿದು ನಿಂತಿರುತ್ತಾರೆ, ಆ ಗದ್ದಲಕ್ಕೆ ನೀನು ಬರದಿದ್ದರೂ ಬೇಸರವಿಲ್ಲ. ಆಮೇಲೆ ಇಲ್ಲಿನ ಚರ್ಚಿನ ಹಿರಿಯರು ಅವಳನ್ನು ಸೇವೆಯಿಂದ ಬಿಡುಗಡೆ ಮಾಡುತ್ತಾರೆ, ಅವಳು ಹೆಸರಿನ ಬಿಲ್ಲೆ ತೆಗೆದಿಡುತ್ತಾಳೆ. ಮರುದಿನ ಆರೂವರೆಗೆ ಎದ್ದಾಗ ಪಕ್ಕದ ಹಾಸಿಗೆಯಲ್ಲಿ ಜೊತೆಗಾತಿ ಇರುವುದಿಲ್ಲ, ಹೋಗಬೇಕಾದ ಗೇಟೂ ಇರುವುದಿಲ್ಲ. ಕಳೆದ ಸೋಮವಾರದ ಪತ್ರದ ಕೊನೆಗೆ, ನೀನು ರಜೆಗೆ ಮನೆಗೆ ಬರುತ್ತೀಯಾ ಎಂದು ಕೇಳಿದ್ದಾಳೆ. ನಾನಿನ್ನೂ ಉತ್ತರ ಬರೆದಿಲ್ಲ. ಬಾಸ್ಟನ್‌ನಿಂದ ಶುಕ್ರವಾರ ರಾತ್ರಿಯ ವಿಮಾನಕ್ಕೆ ಟಿಕೆಟ್ ಇದೆಯಂತೆ, ನೀನು ಹ್ಞೂಂ ಎಂದರೆ ಅಪ್ಪ ಇವತ್ತೇ ತೆಗೆಸುತ್ತಾರೆ.

ಇಂತಿ,
ನಿನ್ನ ಅಮ್ಮ